ತಗಡಿನ ಮೇಲೆ ಬೀಳುವ ಕಲ್ಲು: ಭಾನಾಮತಿ ಬಗ್ಗೆ ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮ ಮನಿಯಾಗ ದೀಪಾವಳಿ ಆದಾಗಿಂದ ಭಾನಾಮತಿ ಶುರು ಆಗ್ಯಾದ. ರಾತ್ರಿ ತಗಡಿನ ಮ್ಯಾಲ ಕಲ್ಲು ಬೀಳ್ತಾವ. ಪೆಟ್ಟಿಗಿಯಾಗಿನ ಸೀರಿ ಎರಡು ಸಲ ಸುಟ್ಟಾವ. ತಂಗಿ ಕೈ ಮ್ಯಾಲ ಕರೀ ಕಲಿ, ಗುಳ್ಳಿ ಎದ್ದಾವ. ಆಕಿ ಒಮ್ಮೊಮ್ಮೆ ಮೈಮ್ಯಾಲ ಬಂದಂಗ ಚೀರ್ತಾಳ. ಮಾಂತ್ರಿಕಗ ಕರಸಿದ್ವಿ, ಎದುರು ಮನಿ ಮುದುಕಿ ಮಾಟ ಮಾಡ್ಯಾಳ ಅಂತಾನ, ತೆಗೀಲಾಕ 35 ಸಾವಿರ ಕೇಳ್ತಾನ. ಮಾಟ ಅನ್ನೋದು ಖರೇ ಅದಾ? ಹೆಂಗ ಮಾಡ್ತಾರ? ನಾವೇನು ಮಾಡಬೇಕು? (ಔರಾದ ತಾಲ್ಲೂಕಿನ ಓದುಗರು)

ಉತ್ತರ: ಇವತ್ತೇ ಆಗಬೇಕಾದ ಎರಡು ಕೆಲಸ ಮೊದಲು. ಮಾಂತ್ರಿಕನಿಗೆ ಮುಂಗಡ ಅಂತ ನೂರು ರೂಪಾಯಿಯನ್ನೂ ಕೊಡಬೇಡಿ. ಎದುರು ಮನೆಯ ಅಜ್ಜಿಯ ಹೆಸರು ನಿಮ್ಮ ಹೊಸ್ತಿಲು ದಾಟದಂತೆ ಅಪ್ಪನಿಗೂ ಕಾಕಾನಿಗೂ ಗಟ್ಟಿಯಾಗಿ ಹೇಳಿ. ಭಾನಾಮತಿಯ ಕಲ್ಲಿನಿಂದ ಜೀವ ಹೋಗುವುದು ಬಲು ಅಪರೂಪ. ಮಾಟಗಾತಿ ಎಂದು ಬೆರಳು ತೋರಿಸಿಕೊಂಡ ಮುದುಕಿಯರು, ವಿಧವೆಯರು ಮಾತ್ರ ಈ ದೇಶದಲ್ಲಿ ಪ್ರತಿ ವರ್ಷ ಹೊಡೆತಕ್ಕೆ ಸಾಯುತ್ತಾರೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೊಲೆಯ ಕಾರಣಗಳಲ್ಲಿ ಮಾಟವನ್ನು ಬೇರೆಯಾಗಿಯೇ ಎಣಿಸುತ್ತದೆ.

ಈಗ ನಿಮ್ಮ ಮೊದಲ ಪ್ರಶ್ನೆ. ಮಾಟ ಮಾಡುವವರು ಖಂಡಿತ ಇದ್ದಾರೆ. ಅವರು ಮಾಡಿದ್ದು ನಿಮಗೆ ತಟ್ಟುವುದಿಲ್ಲ. ಆದರೆ ತಟ್ಟಿದೆ ಎಂಬ ಹೆದರಿಕೆ ತಟ್ಟುತ್ತದೆ: ನಿದ್ದೆ ಹೋಗುತ್ತದೆ, ಊಟ ಸೇರುವುದಿಲ್ಲ, ಎದೆ ಡವಗುಟ್ಟುತ್ತದೆ, ಮನೆ ಒಡೆಯುತ್ತದೆ.

ಮಾಟದ ಸಾಮಾನು ನಿಮಗೆ ಗೊತ್ತಿರುವಂಥದ್ದೇ. ಕೊಯ್ದು ಕುಂಕುಮ ತುಂಬಿದ ಲಿಂಬೆಹಣ್ಣು, ಮೊಳೆ ಚುಚ್ಚಿದ ಕರಿ ಬಟ್ಟೆಯ ಗೊಂಬೆ, ಯಾರದೋ ತಲೆಗೂದಲು, ಉಗುರು, ಉಟ್ಟು ಬಿಟ್ಟ ಬಟ್ಟೆಯ ತುಂಡು, ಸುಡುಗಾಡಿನ ಬೂದಿ, ಮೊಟ್ಟೆ, ಕುಂಬಳಕಾಯಿ. ಇದರ ಹಿಂದಿನ ಲೆಕ್ಕ ಲೋಕದ ಎಲ್ಲ ಕಡೆಯೂ ಒಂದೇ. ಬ್ರಿಟನ್ನಿನ ಮಾನವಶಾಸ್ತ್ರಜ್ಞ ಜೇಮ್ಸ್ ಫ್ರೇಜರ್ ಅದನ್ನು ನೂರು ವರ್ಷಕ್ಕೂ ಹಿಂದೆ ಎರಡು ನಂಬಿಕೆಗೆ ಇಳಿಸಿದ್ದರು. ಒಂದರಂತೆ ಕಾಣುವುದಕ್ಕೆ ಮಾಡಿದ್ದು ಆ ಇನ್ನೊಂದಕ್ಕೂ ಆಗುತ್ತದೆ, ಅದಕ್ಕೇ ಗೊಂಬೆ. ಒಮ್ಮೆ ಮೈಗೆ ಅಂಟಿಕೊಂಡಿದ್ದುದು ಬೇರೆಯಾದ ಮೇಲೂ ಮೈಗೆ ಸೇರಿದ್ದೇ, ಅದಕ್ಕೇ ಕೂದಲು ಮತ್ತು ಉಗುರು. ಹಾಗೆ ನೋಡಿದರೆ ಅಮಾಸಿಯ ಮರುದಿನ ಮೂರು ದಾರಿ ಕೂಡುವಲ್ಲಿ ನೀವು ಕಾಣುವ ಲಿಂಬೆಹಣ್ಣು, ಮೆಣಸಿನಕಾಯಿಗಳಲ್ಲಿ ಬಹುಪಾಲು ಮಾಟವೇ ಅಲ್ಲ. ಕೂಸಿಗೋ ಹೊಸ ಗಾಡಿಗೋ ದೃಷ್ಟಿ ತೆಗೆದು ನಿವಾಳಿಸಿ ಎಸೆದದ್ದು. ಅದನ್ನು ತುಳಿದೆವೆಂದು ಜ್ವರ ಬರಿಸಿಕೊಳ್ಳುವವರು ಎಷ್ಟೋ ಮಂದಿ.

ಮಾಟದ ನಂಬಿಕೆ ಯಾಕೆ ಇಷ್ಟು ಗಟ್ಟಿ ಎಂಬುದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ಆಫ್ರಿಕಾದಲ್ಲಿ. 1920ರ ದಶಕದ ಕೊನೆಗೆ ಸುಡಾನಿನ ಅಜಾಂಡೆ ಜನರ ನಡುವೆ ಇದ್ದ ಮಾನವಶಾಸ್ತ್ರಜ್ಞ ಇವಾನ್ಸ್ ಪ್ರಿಚರ್ಡ್ ಒಂದು ಸಂಗತಿ ಗಮನಿಸಿದರು. ಅಲ್ಲಿ ಕಂಬದ ಮೇಲೆ ಕಟ್ಟಿದ ಕಣಜದ ನೆರಳಲ್ಲಿ ಜನ ಕೂರುತ್ತಾರೆ. ಒಮ್ಮೊಮ್ಮೆ ಕಣಜ ಕುಸಿದು ಬಿದ್ದು ಕೆಳಗಿದ್ದವರಿಗೆ ಪೆಟ್ಟಾಗುತ್ತದೆ. ಕಂಬವನ್ನು ಗೆದ್ದಲು ತಿಂದಿತ್ತು ಎಂಬುದು ಅಜಾಂಡೆಯವರಿಗೂ ಚೆನ್ನಾಗಿ ಗೊತ್ತು. ಅವರು ಕೇಳುವುದು ಬೇರೆ: ಇಷ್ಟು ದಿನ ಬೀಳದ್ದು ಇದೇ ಗಳಿಗೆಯಲ್ಲಿ, ಇದೇ ಮನುಷ್ಯರ ಮೇಲೆ ಯಾಕೆ ಬಿತ್ತು? ಆ ಪ್ರಶ್ನೆಗೆ ಅವರು ಕೊಡುವ ಉತ್ತರವೇ ಮಾಟ. ನಮ್ಮ ತೊಗರಿ ಹೊಲದಲ್ಲೂ ಇದೇ ನಡೆಯುತ್ತದೆ. ಬದುವಿನ ಆಚೆ ತಮ್ಮನ ಹೊಲ ಹಸಿರು, ಈಚೆ ಅಣ್ಣನ ತೊಗರಿ ಹೂ ಬಿಡುವ ಹೊತ್ತಿಗೆ ನಿಂತಲ್ಲೇ ಒಣಗುತ್ತದೆ. ಅದು ನೆಟೆ ರೋಗ. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನಿಂದ ಏರುತ್ತದೆ, ಹಲವು ವರ್ಷ ಅದೇ ಹೊಲದಲ್ಲಿ ಉಳಿಯುತ್ತದೆ, ಮತ್ತೆ ಮತ್ತೆ ತೊಗರಿಯನ್ನೇ ಬಿತ್ತಿದರೆ ಹೆಚ್ಚುತ್ತದೆ. ಕೃಷಿ ಅಧಿಕಾರಿ ಇಷ್ಟು ಹೇಳಬಲ್ಲರು. ‘ನನಗೇ ಯಾಕೆ’ ಎಂಬುದಕ್ಕೆ ಅವರಲ್ಲಿ ಉತ್ತರವಿಲ್ಲ, ಮಾಂತ್ರಿಕನಲ್ಲಿ ಇದೆ. ಅವನ ಅಂಗಡಿ ನಡೆಯುವುದು ಆ ಒಂದು ಸರಕಿನ ಮೇಲೆ.

ಭಾನಾಮತಿಗೆ ಬರೋಣ. ಬೀದರ, ಕಲಬುರಗಿಯ ಹಳ್ಳಿಗಳು, ಆಚೆ ಮರಾಠವಾಡ, ಈಚೆ ತೆಲಂಗಾಣದ ಮೇದಕ್, ಜಹೀರಾಬಾದ್ ಸುತ್ತ ಇದರ ವರಸೆ ಒಂದೇ. ಕಲ್ಲು ಬೀಳುವುದು, ಮಡಚಿಟ್ಟ ಬಟ್ಟೆ ಸುಡುವುದು, ಅನ್ನದಲ್ಲಿ ಹೊಲಸು ಕಾಣುವುದು, ಮೈಮೇಲೆ ಕರಿ ಗುರುತು ಏಳುವುದು, ಹೆಂಗಸರು ವಿಚಿತ್ರ ದನಿಯಲ್ಲಿ ಕೂಗುವುದು. ಮಹಾರಾಷ್ಟ್ರದಲ್ಲಿ ನರೇಂದ್ರ ದಾಭೋಲ್ಕರ್ ಕಟ್ಟಿದ ಅಂಧಶ್ರದ್ಧಾ ನಿರ್ಮೂಲನ ಸಮಿತಿ ಇಂಥ ಮನೆಗಳಿಗೆ ಹೋಗಿ ತಡೆಯುವ ಒಂದು ಪದ್ಧತಿಯನ್ನೇ ರೂಢಿಸಿತು. ನಾನು ಮುಂದೆ ಹೇಳುವುದರಲ್ಲಿ ಬಹಳಷ್ಟು ಆ ದಾರಿಯದೇ. ಅದರ ತಿರುಳು ಇಷ್ಟು: ಕಲ್ಲಿಗೆ ಕೈ ಬೇಕು, ಬೆಂಕಿಗೆ ಕಡ್ಡಿ ಬೇಕು. ಆ ಕೈ ಬಹುತೇಕ ಮನೆಯೊಳಗೇ ಇರುತ್ತದೆ. ಮತ್ತು ಆ ಕೈಯವರು ಸಾಮಾನ್ಯವಾಗಿ ದುಷ್ಟರಲ್ಲ, ಹೇಳಿಕೊಳ್ಳಲಾಗದ ಸಂಕಟದಲ್ಲಿ ಇರುವವರು.

ಈ ಮಾತು ಓದಿದ ಕೂಡಲೇ ತಂಗಿಯ ಕಡೆ ತಿರುಗಬೇಡಿ. ಗುರುತು ಎದ್ದವರೇ ಮಾಡಿಕೊಂಡವರು ಅಂತ ಆಗುವುದಿಲ್ಲ. ಮಲಗಿದವರ ಕೈಗೆ ಬೇರೆಯವರು ಹಚ್ಚಿದ್ದೂ ಇರಬಹುದು. ಹೊಲದ ಜಗಳದವರು ಹೊರಗಿನಿಂದ ಕಲ್ಲು ಎಸೆಯುವುದು, ಅದು ಹಬ್ಬಿಸಿದ ಹೆದರಿಕೆಗೆ ಮನೆಯೊಳಗೆ ಬೇರೇನೋ ಶುರುವಾಗುವುದು, ಹೀಗೆ ಎರಡು ಸೇರಿಕೊಂಡಿರುವುದೂ ಉಂಟು. ಅದಕ್ಕೇ ಮೊದಲು ಬರೆದಿಡಬೇಕು.

ಒಂದು ನೋಟುಬುಕ್ಕು ಇಡಿ. ಬರೆಯುವವರು ಒಬ್ಬರೇ ಇರಲಿ, ಬರೆಯುತ್ತಿರುವುದು ಮನೆಯಲ್ಲಿ ಯಾರಿಗೂ ತಿಳಿಯದಿರಲಿ. ಪ್ರತಿ ಘಟನೆಗೂ ತಾರೀಖು, ಗಡಿಯಾರದ ವೇಳೆ, ಏನಾಯಿತು, ಎಲ್ಲಿ, ಮೊದಲು ಕಂಡವರು ಯಾರು, ಅದಕ್ಕೆ ಅರ್ಧ ಗಂಟೆ ಮುಂಚೆ ಯಾರ್‍ಯಾರು ಎಲ್ಲಿದ್ದರು. ಹದಿನೈದು ದಿನ ಬರೆದರೆ ಸಾಕು. ಜನ ‘ದಿನಾ ಆಗುತ್ತದೆ’ ಅನ್ನುತ್ತಾರೆ. ಬರೆದು ನೋಡಿದರೆ ಒಬ್ಬರು ಊರಿಗೆ ಹೋದ ನಾಲ್ಕು ದಿನ ಏನೂ ಆಗಿರುವುದಿಲ್ಲ, ಅಥವಾ ಎಲ್ಲವೂ ಸಂಜೆ ಏಳರಿಂದ ಒಂಬತ್ತರೊಳಗೆ ಆಗಿರುತ್ತದೆ. ಇಲ್ಲಿ ಆಗುವ ತಪ್ಪು ಎಂದರೆ ಆದದ್ದರ ಬದಲು ಅನಿಸಿದ್ದನ್ನು ಬರೆಯುವುದು. ‘ತನ್ನಷ್ಟಕ್ಕೆ ತಾನೇ ಹೊತ್ತಿತು’ ಎಂದು ಬರೆಯಬಾರದು. ‘ಹೊಗೆ ಕಂಡಿತು, ಪೆಟ್ಟಿಗೆ ತೆಗೆದೆವು, ಸೆರಗು ಸುಡುತ್ತಿತ್ತು, ಮೊದಲು ಕಂಡವರು ಇವರು’ ಎಂದು ಬರೆಯಬೇಕು.

ಕಲ್ಲುಗಳನ್ನು ಎಸೆಯದೆ ಒಂದು ಚೀಲದಲ್ಲಿ ಹಾಕಿಡಿ. ಹಿತ್ತಿಲಲ್ಲಿ, ಪಕ್ಕದ ಗೋಡೆಯ ಕೆಲಸಕ್ಕೆ ತಂದು ಸುರಿದ ರಾಶಿಯಲ್ಲಿ ಇರುವ ಕಲ್ಲೇ ಇವು ಅಲ್ಲವೇ ನೋಡಿ. ಬೀದರ ಸೀಮೆಯ ಕೆಂಪು ಜಂಬಿಟ್ಟಿಗೆ ಚೂರು, ಎರೆ ಭೂಮಿಯ ಕರಿಕಲ್ಲು, ಶಹಾಬಾದ ಪರಸಿಯ ಚಕ್ಕೆ ಒಂದಕ್ಕೊಂದು ಬೇರೆಯಾಗಿ ಕಾಣುತ್ತವೆ, ಆದ್ದರಿಂದ ಕಲ್ಲು ಎಲ್ಲಿಯದು ಎಂದು ಪತ್ತೆಹಚ್ಚುವುದು ಕಷ್ಟವಲ್ಲ. ತಗಡಿನ ಮೇಲೆ ಉರುಳಿದ ಸದ್ದು ಯಾವ ಕಡೆಯಿಂದ ಶುರುವಾಯಿತು ಎಂದು ಬರೆದರೆ ಎಸೆದ ದಿಕ್ಕು ಸಿಗುತ್ತದೆ. ಒಂದು ರಾತ್ರಿ ಇಬ್ಬರು ನಂಬಿಕಸ್ತರು ಹೊರಗೆ ಕತ್ತಲಲ್ಲಿ ಕೂರಲಿ, ಒಳಗಿನವರೆಲ್ಲ ಒಂದೇ ಪಡಸಾಲೆಯಲ್ಲಿ ಲೆಕ್ಕಕ್ಕೆ ಸಿಗುವಂತೆ ಇರಲಿ. ಆ ರಾತ್ರಿ ಕಲ್ಲು ಬೀಳದಿದ್ದರೆ ಅದೂ ಒಂದು ಉತ್ತರವೇ.

ಬಟ್ಟೆ ಸುಡುವ ವಿಚಾರದಲ್ಲಿ ಜನ ಬಿಳಿ ರಂಜಕದ ಮಾತು ಆಡುತ್ತಾರೆ. ನಿಜ, ಅದು ನೀರೊಳಗೆ ಇಡಬೇಕಾದ ವಸ್ತು, ನೀರಾರಿ ಗಾಳಿ ತಾಗಿದರೆ ನಮ್ಮ ಬೇಸಿಗೆಯ ಬಿಸಿಲಿಗೇ ಹೊತ್ತಿಕೊಳ್ಳುತ್ತದೆ, ಬೆಳ್ಳುಳ್ಳಿಯಂಥ ವಾಸನೆ ಇರುತ್ತದೆ. ಆದರೆ ಹಳ್ಳಿಯ ಮನೆಗೆ ಅದು ಎಲ್ಲಿಂದ ಬರಬೇಕು? ಮಾಂತ್ರಿಕ ಬಂದು ಹೋದ ಮೇಲೆ ಸುಡಲು ಶುರುವಾದರೆ ಮಾತ್ರ ಅದನ್ನು ಯೋಚಿಸಿ. ಉಳಿದಂತೆ ಕಡ್ಡಿಪೆಟ್ಟಿಗೆ, ಊದುಬತ್ತಿಗಳೇ ಸಾಕು. ಬತ್ತಿ ನಿಧಾನಕ್ಕೆ ಉರಿಯುತ್ತದೆ, ಆದ್ದರಿಂದ ‘ಹೊತ್ತಿದಾಗ ನಾವೆಲ್ಲ ಒಟ್ಟಿಗೇ ಕೂತಿದ್ದೆವು’ ಎಂಬುದು ಏನನ್ನೂ ಸಾಬೀತು ಮಾಡುವುದಿಲ್ಲ. ನೋಟುಬುಕ್ಕಿನಲ್ಲಿ ಅರ್ಧ ಗಂಟೆ ಮುಂಚಿನ ಲೆಕ್ಕ ಕೇಳಿದ್ದು ಇದಕ್ಕೇ. ಸುಟ್ಟ ಬಟ್ಟೆಯನ್ನು ತೊಳೆಯಬೇಡಿ. ಸೀಮೆಎಣ್ಣೆಯ ವಾಸನೆ ಇದೆಯೇ, ಅಂಚು ಸುಟ್ಟಿದೆಯೋ ಮಡಿಕೆಯ ನಡುವೋ ನೋಡಿ. ಇದು ಪತ್ತೆದಾರಿಗಿಂತ ಮೊದಲು ಜೀವದ ಪ್ರಶ್ನೆ: ಕಡ್ಡಿಪೆಟ್ಟಿಗೆ, ಎಣ್ಣೆ ಎಲ್ಲವೂ ಬೀಗದೊಳಗೆ, ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ರಾತ್ರಿ ಬಂದ್, ಮಲಗುವ ಕಡೆ ಎರಡು ಕೊಡ ನೀರು.

ಕೈಯ ಕರಿ ಗುರುತಿಗೆ ನಾನು ಮೊದಲು ಶಂಕಿಸುವುದು ಕೇರು ಬೀಜವನ್ನು. ನಿಮ್ಮ ಗಡಿ ಊರುಗಳಲ್ಲಿ ಬಿಬ್ಬಾ ಎನ್ನುತ್ತಾರೆ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದುದು ಅದರಿಂದಲೇ, ಮನೆಮದ್ದಿಗೆಂದು ಎಷ್ಟೋ ಮನೆಗಳಲ್ಲಿ ಇಂದಿಗೂ ಇರುತ್ತದೆ. ಅದರ ರಸ ತಾಗಿದಲ್ಲಿ ಕರಿ ಕಲೆ ಬೇಗ ಕಾಣುತ್ತದೆ, ಗುಳ್ಳೆ ಮತ್ತು ಉರಿ ಒಂದೆರಡು ದಿನ ತಡವಾಗಿ ಏಳಬಹುದು. ಹಾಗಾಗಿ ಗುಳ್ಳೆ ಕಂಡ ದಿನ ಯಾರು ಹತ್ತಿರ ಇದ್ದರು ಎಂದು ಕೇಳಿ ಪ್ರಯೋಜನವಿಲ್ಲ, ಎರಡು ದಿನ ಹಿಂದಕ್ಕೆ ಹೋಗಬೇಕು. ಗುರುತು ಎಡಗೈ, ತೊಡೆ, ಹೊಟ್ಟೆಯಂಥ ತನ್ನ ಕೈಗೆ ಎಟುಕುವ ಜಾಗದಲ್ಲಿ ಮಾತ್ರ ಇದ್ದು ಬೆನ್ನಿನ ನಡುವೆ ಒಂದೂ ಇಲ್ಲದಿದ್ದರೆ ಅದೂ ಬರೆದುಕೊಳ್ಳುವ ಸಂಗತಿ. ಚರ್ಮಕ್ಕೆ ಸಾಬೂನು ಹಚ್ಚಿ ಹರಿಯುವ ನೀರಲ್ಲಿ ತೊಳೆಯಿರಿ, ಗುಳ್ಳೆ ಒಡೆಯಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ. ಕಣ್ಣಿನ ಹತ್ತಿರ ಎದ್ದರೆ ಅವತ್ತೇ ಹೋಗಬೇಕು.

ಎಲ್ಲಕ್ಕಿಂತ ಸೂಕ್ಷ್ಮದ ಕೆಲಸ ಮಾತಾಡಿಸುವುದು. ಮನೆಯವರು ಇದನ್ನು ಮಾಡಬಾರದು. ಮನೆಯ ಎಲ್ಲರೂ ನಂಬುವ, ಆದರೆ ಯಾರ ಪಕ್ಷವೂ ಅಲ್ಲದ ಒಬ್ಬರು ಬೇಕು: ಶಾಲೆಯ ಮಾಸ್ತರರು, ಆಶಾ ಕಾರ್ಯಕರ್ತೆ, ಆಪ್ತಸಮಾಲೋಚಕರು. ಹಿರಿಯರಿಂದ ಶುರುಮಾಡಿ ಕಿರಿಯರವರೆಗೆ ಎಲ್ಲರನ್ನೂ ಒಬ್ಬೊಬ್ಬರನ್ನಾಗಿ, ಅರ್ಧ ಗಂಟೆಯಂತೆ, ಬಾಗಿಲು ಮುಂದೆ ಮಾಡಿ ಕೂರಿಸಿಕೊಂಡು ಮಾತಾಡಿಸಬೇಕು. ಒಬ್ಬರನ್ನು ಬಿಟ್ಟರೂ ಉಳಿದವರಿಗೆ ಗುಮಾನಿ ಬರುತ್ತದೆ. ‘ನೀನು ಮಾಡಿದ್ದಾ?’ ಎಂಬ ಪ್ರಶ್ನೆ ಬೇಡವೇ ಬೇಡ. ಶಾಲೆ ಬಿಡಿಸಿದರೇ, ಮದುವೆ ಗೊತ್ತಾಗಿದೆಯೇ, ಗಂಡ ಕುಡಿಯುತ್ತಾನೆಯೇ, ಮನೆಯಲ್ಲಿ ಯಾರಾದರೂ ಮೈಮುಟ್ಟುತ್ತಾರೆಯೇ, ಮಕ್ಕಳಾಗಿಲ್ಲ ಎಂದು ಚುಚ್ಚುತ್ತಾರೆಯೇ. ಉತ್ತರ ಇಲ್ಲಿರುತ್ತದೆ. ಮನೆಯಲ್ಲಿ ಮಾತೇ ನಡೆಯದವರಿಗೆ ದೆವ್ವದ ಮಾತು ನಡೆಯುತ್ತದೆ: ಆಕೆ ಬೇಡ ಅಂದರೆ ಮದುವೆ ನಿಲ್ಲುವುದಿಲ್ಲ, ಭಾನಾಮತಿ ಬಂದರೆ ನಿಲ್ಲುತ್ತದೆ.

ಒಪ್ಪಿಕೊಂಡವರಿಗೆ ಹೆಸರು ಹೊರಗೆ ಬರುವುದಿಲ್ಲ ಎಂದು ಮಾತು ಕೊಡಬೇಕು, ಆ ಮಾತು ಉಳಿಸಿಕೊಳ್ಳಲೇಬೇಕು. ತಂದೆ ತಾಯಿಗೂ ಹೇಳಬಾರದು. ಒಂದೇ ವಿನಾಯಿತಿ, ಮನೆಯಲ್ಲಿ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ಹೊರಬಂದರೆ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಉಳಿದಂತೆ ಮನೆಯವರಿಗೆ ‘ಇನ್ನು ಆಗುವುದಿಲ್ಲ’ ಎಂದಷ್ಟೇ ತಿಳಿಸಿ, ಆ ಸಂಕಟಕ್ಕೆ ದಾರಿ ಹುಡುಕಬೇಕು. ಹೆಸರು ಹೊರಬಿದ್ದ ಮನೆಗಳಲ್ಲಿ ಕಲ್ಲು ನಿಂತರೂ ಆ ಹುಡುಗಿಗೆ ಹೊಡೆತ ಶುರುವಾಗುತ್ತದೆ. ಬಾವಿಗೆ ಹಾರುವ ಮಟ್ಟಕ್ಕೂ ಹೋಗಬಹುದು.

ತಂಗಿ ಚೀರುವುದನ್ನು ನಾಟಕ ಎಂದುಕೊಳ್ಳಬೇಡಿ. ಮೈಮೇಲೆ ಬರುವ ಸ್ಥಿತಿಯಲ್ಲಿ ಬೇಕೆಂದೇ ಮಾಡುವುದು, ತನ್ನ ಅರಿವಿಲ್ಲದೆ ಆಗುವುದು ಎರಡರ ನಡುವಿನ ಗೆರೆ ಸ್ಪಷ್ಟವಿರುವುದಿಲ್ಲ. ಆ ಹೊತ್ತಿನಲ್ಲಿ ಸುತ್ತ ಸೇರಿದ ಜನರನ್ನು ಹೊರಗೆ ಕಳಿಸುವುದೇ ಅರ್ಧ ಮದ್ದು. ಚಪ್ಪಲಿ, ಉಳ್ಳಾಗಡ್ಡಿ ಮೂಸಿಸುವುದು, ಮೆಣಸಿನಕಾಯಿ ಹೊಗೆ, ಬೇವಿನ ಬರಲು, ಕೂದಲು ಹಿಡಿದು ‘ಯಾರು ನೀನು’ ಎಂದು ಕೇಳುವುದು ಯಾವುದೂ ಬೇಡ. ಕೇಳಿದರೆ ಯಾವುದಾದರೂ ಹೆಸರು ಬಂದೇ ಬರುತ್ತದೆ, ಮನೆಯಲ್ಲಿ ಆಗಲೇ ಓಡಾಡುತ್ತಿರುವ ಹೆಸರೇ ಬರುತ್ತದೆ. ನೋಡುತ್ತ ನಿಂತ ಹೆಂಗಸರಲ್ಲಿ ಇನ್ನಿಬ್ಬರಿಗೆ ಮೈಮೇಲೆ ಬರುವುದು, ಒಂದು ಶಾಲೆಯ ಹತ್ತು ಹುಡುಗಿಯರು ಒಂದೇ ದಿನ ಬೀಳುವುದು ಇದೇ ಗುಂಪಿನ ಕಾರಣದಿಂದ.

ಆದರೆ ಕೈಕಾಲು ಸೆಟೆದು ಜಗ್ಗಿ, ನಾಲಿಗೆ ಕಚ್ಚಿಕೊಂಡು, ಬಟ್ಟೆಯಲ್ಲೇ ಮೂತ್ರವಾದರೆ ಅದು ಮೂರ್ಛೆರೋಗ ಇರಬಹುದು. ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಚಮಚ, ಕಬ್ಬಿಣ ಏನೂ ತುರುಕಬೇಡಿ, ಐದು ನಿಮಿಷದಲ್ಲಿ ನಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಬಾಣಂತಿಗೆ ಹೆರಿಗೆಯಾದ ಮೊದಲ ಒಂದೆರಡು ವಾರದಲ್ಲಿ ನಿದ್ದೆ ಹೋಗಿ, ಇಲ್ಲದ್ದು ಕಂಡು, ಕೂಸಿನ ಬಗ್ಗೆ ವಿಪರೀತ ಮಾತು ಶುರುವಾದರೆ ಅದು ತುರ್ತು ಕಾಯಿಲೆ, ಒಂದು ರಾತ್ರಿಯೂ ಕಾಯಬಾರದು. ಯಾರೋ ‘ಮದ್ದು ಹಾಕ್ಯಾರ’ ಎಂದು ಸಣ್ಣಗಾಗುತ್ತಿರುವವರಿಗೆ ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಜೊತೆಗೆ ಸಕ್ಕರೆ ಕಾಯಿಲೆಯ ಪರೀಕ್ಷೆಯೂ ಆಗಲಿ. ವಾಂತಿ ಮಾಡಿಸಿ ಮದ್ದು ತೆಗೆಯುವವರು ತೋರಿಸುವ ಕೂದಲಿನ ಉಂಡೆ ಅವರ ಬೆರಳ ಸಂದಿಯಿಂದ ಬಂದದ್ದು.

ಮನೋವೈದ್ಯರು ಬೀದರಿನ ಬ್ರಿಮ್ಸ್, ಕಲಬುರಗಿಯ ಜಿಮ್ಸ್, ಯಾದಗಿರಿಯ ಯಿಮ್ಸ್ ಆಸ್ಪತ್ರೆಗಳಲ್ಲಿ ಸಿಗುತ್ತಾರೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೂ ಗೊತ್ತಾದ ದಿನ ಬರುತ್ತಾರೆ, ಔರಾದದಲ್ಲಿ ಯಾವ ದಿನ ಎಂದು ವಿಚಾರಿಸಿಕೊಂಡು ಹೋಗಿ. ಅಷ್ಟರಲ್ಲಿ ಮಾತಾಡಬೇಕೆನಿಸಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಇದೆ, ಕನ್ನಡದಲ್ಲಿ ಮಾತಾಡಬಹುದು.

ಗಾಣಗಾಪುರಕ್ಕೆ ಕರೆದೊಯ್ಯಬೇಕೆಂದು ನಿಮ್ಮ ತಾಯಿ ಪಟ್ಟು ಹಿಡಿದರೆ ಜಗಳ ಬೇಡ. ದತ್ತನ ಸನ್ನಿಧಿಯಲ್ಲೋ ಬಂದೇ ನವಾಜ್ ದರ್ಗಾದಲ್ಲೋ ಕೂತು ಬಂದವರಿಗೆ ಮನಸ್ಸು ಹಗುರವಾಗುವುದುಂಟು. ಗುಜರಾತಿನ ಉನಾವಾದಲ್ಲಿ ಮೀರಾ ದಾತಾರ್ ದರ್ಗಾದ ಆವರಣದಲ್ಲೇ ಮನೋವೈದ್ಯರು ದವಾ-ದುವಾ (ಔಷಧಿ, ಪ್ರಾರ್ಥನೆ) ಎರಡೂ ಒಟ್ಟಿಗೆ ಎಂಬ ಪದ್ಧತಿ ನಡೆಸಿದ್ದಾರೆ. ನನ್ನ ಷರತ್ತು ಎರಡೇ: ಗುಳಿಗೆ ನಿಲ್ಲಬಾರದು, ಕಟ್ಟಿಹಾಕಬಾರದು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 95ನೇ ಕಲಂ ಮಾನಸಿಕ ಕಾಯಿಲೆಯವರನ್ನು ಸರಪಳಿಯಲ್ಲಿ ಕಟ್ಟುವುದನ್ನು ಪೂರ್ತಿ ನಿಷೇಧಿಸಿದೆ.

ಇನ್ನು ನಿಮ್ಮ ಮಾಂತ್ರಿಕ. ಮುಂದಿನ ಸಲ ಅವನು ಅಂಗಳ ಅಗೆದು ಗೊಂಬೆ ತೆಗೆಯುತ್ತಾನೆ, ಅದು ಅವರ ಖಾಯಂ ಆಟ. ಹಿಂದಿನ ರಾತ್ರಿ ಹೂತಿದ್ದಿರಬಹುದು, ಅಗೆಯುವಾಗ ತೋಳಿನಿಂದ ಜಾರಿಸಿದ್ದಿರಬಹುದು. ಆರು ತಿಂಗಳ ಹಿಂದೆ ಹೂತದ್ದು ಅಂದರೆ ಎರೆಮಣ್ಣಿನ ತೇವಕ್ಕೆ ಮೊಳೆ ತುಕ್ಕು ಹಿಡಿದು ದಪ್ಪವಾಗಿರಬೇಕು, ಲಿಂಬೆಹಣ್ಣು ಕೊಳೆತು ಮಣ್ಣಾಗಿರಬೇಕು, ಕುಂಕುಮ ಕರಗಿ ಹೋಗಿರಬೇಕು. ಹೊಳೆಯುವ ಮೊಳೆ, ಹಳದಿ ಹಣ್ಣು ಬಂದರೆ ಅದರ ವಯಸ್ಸು ನೀವೇ ಹೇಳಬಹುದು. ಅಗೆಯುವ ಜಾಗದ ಮಣ್ಣು ಸುತ್ತಲಿಗಿಂತ ಸಡಿಲ ಇದೆಯೇ ಎಂದು ಕಬ್ಬಿಣದ ಸಲಾಕೆ ಚುಚ್ಚಿ ಮೊದಲೇ ನೋಡಿ. ತೆಂಗಿನಕಾಯಿಯಿಂದ ಹೂ, ಕೂದಲು ಬರುವುದು ಮೆತ್ತನೆಯ ಕಣ್ಣನ್ನು ಮೊದಲೇ ತೆರೆದು ತುರುಕಿ ಮೇಣ ಹಚ್ಚಿದ್ದರಿಂದ. ತುಪ್ಪ ಬಿಟ್ಟರೆ ತಾನಾಗಿ ಹೋಮ ಹೊತ್ತುವುದು ಪೊಟ್ಯಾಸಿಯಂ ಪರ್ಮಾಂಗನೇಟ್ ಪುಡಿಯ ಮೇಲೆ ಗ್ಲಿಸರಿನ್ ಬಿದ್ದಾಗ. ನೀರು ರಕ್ತವಾಗುವುದು ಅರಿಶಿನಕ್ಕೆ ಸುಣ್ಣ ಸೇರಿದಾಗ, ಇದನ್ನು ನಿಮ್ಮ ಮನೆಯ ಆರತಿ ತಟ್ಟೆಯಲ್ಲೇ ನೋಡಿದ್ದೀರಿ. ಅವನು ಎದುರು ಮನೆಯ ಮುದುಕಿ ಅಂದದ್ದೂ ದಿವ್ಯದೃಷ್ಟಿಯಿಂದಲ್ಲ. ಬಂದ ಹತ್ತು ನಿಮಿಷದಲ್ಲಿ ‘ಯಾರ ಮೇಲಾದರೂ ಗುಮಾನಿ ಅದಾ?’ ಎಂದು ಕೇಳಿದ್ದನೋ ಇಲ್ಲವೋ ನೆನಪಿಸಿಕೊಳ್ಳಿ.

ಕಾನೂನು ನಿಮ್ಮ ಕಡೆ ಇದೆ. ಕರ್ನಾಟಕ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ಪ್ರತಿಬಂಧ ಹಾಗೂ ನಿರ್ಮೂಲನೆ ಕಾಯ್ದೆ 2017ರದು, ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟುವುದು, ಬರೆ ಹಾಕುವುದು, ಒಬ್ಬರನ್ನು ಮಾಟಗಾರರೆಂದು ಸಾರಿ ಬಾಳು ಹಾಳುಮಾಡುವುದು, ನಿಧಿಗಾಗಿ ವಾಮಾಚಾರ, ಹಾವು ನಾಯಿ ಕಚ್ಚಿದವರಿಗೆ ಆಸ್ಪತ್ರೆ ತಪ್ಪಿಸಿ ಮಂತ್ರ ಹಾಕುವುದು ಇದರಡಿ ಅಪರಾಧ. ಶಿಕ್ಷೆ ಒಂದರಿಂದ ಏಳು ವರ್ಷ ಜೈಲು, 5,000ದಿಂದ 50,000 ರೂಪಾಯಿ ದಂಡ. ಪೂಜೆ, ಭಜನೆ, ಜಾತ್ರೆ, ಉರುಸು, ಜ್ಯೋತಿಷ್ಯದ ಸಲಹೆಗೆ ಈ ಕಾಯ್ದೆ ಅಡ್ಡ ಬರುವುದಿಲ್ಲ, ಆದ್ದರಿಂದ ‘ನಮ್ಮ ಧರ್ಮಕ್ಕೆ ಕೈ ಹಾಕ್ತಾರ’ ಎಂದು ಅವನು ಊರವರನ್ನು ಎಬ್ಬಿಸಲು ನೋಡಿದರೆ ನಂಬಬೇಡಿ. ದೂರು ಕೊಡುವುದಾದರೆ ಹಣ ಕೇಳಿದ ಕರೆಯ ರೆಕಾರ್ಡಿಂಗ್, ಫೋನ್‌ಪೇ ಚೀಟಿ, ಅವನು ಕೊಟ್ಟ ತಾಯತ, ಪುಡಿ ತೆಗೆದಿಡಿ. ಪುಡಿಯನ್ನು ಕೈಯಿಂದ ಮುಟ್ಟದೆ ಕಾಗದದಲ್ಲಿ ಸುತ್ತಿಡಿ. ಹೊಡೆದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಎಮ್ಎಲ್‌ಸಿ (ಪೊಲೀಸ್ ಕೇಸಿಗೆ ಗಾಯದ ದಾಖಲೆ) ಮಾಡಿಸಿದ ಮೇಲೇ ಠಾಣೆಗೆ ಹೋದರೂ ನಡೆಯುತ್ತದೆ. ವಕೀಲರ ಖರ್ಚಿಗೆ ಹೆದರಬೇಡಿ, ಉಚಿತ ಕಾನೂನು ನೆರವಿಗೆ 15100 ಇದೆ.

ಎದುರು ಮನೆಯ ಅಜ್ಜಿಯ ಹೆಸರು ಆಗಲೇ ಓಣಿಯಲ್ಲಿ ಹರಿದಿದ್ದರೆ ಸುಮ್ಮನಿರುವುದು ಸಾಲದು. ನಿಮ್ಮ ತಂದೆಯೇ ಓಣಿಯ ಇಬ್ಬರು ಹಿರಿಯರ ಎದುರು ‘ಆ ಅವ್ವನ ಮೇಲೆ ನಮಗೇನೂ ಗುಮಾನಿ ಇಲ್ಲ, ಮಾಂತ್ರಿಕ ಹೇಳಿದ್ದು ಸುಳ್ಳು’ ಎಂದು ಬಾಯಿಬಿಟ್ಟು ಹೇಳಬೇಕು. ಮುಂದಿನ ಎರಡು ಅಮಾಸಿ ಆಕೆ ಒಬ್ಬಳೇ ಮಲಗದಂತೆ ಆಕೆಯ ಮಕ್ಕಳಿಗೋ ಅಂಗನವಾಡಿ ಟೀಚರಿಗೋ ತಿಳಿಸಿ. ಕಲ್ಲು, ಕೋಲು ಹಿಡಿದು ಯಾರಾದರೂ ಆ ಬಾಗಿಲಿಗೆ ಹೋದರೆ 112.